ಬೆಂಕಿ ತಿಂದ ಮರದ ಅಂಟು

ಪಾಲ್‌ಧಾರಿನ ಹೆಂಗಸರಲ್ಲಿ ಕಾಡಿಗೆ ಬೆಂಕಿ ಇಡುವುದಕ್ಕೆ ಖಿಮುಲಿಯನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಅಲ್ಮೋಡಾದ ಬೆಟ್ಟಗಳ ನಡುವಿನ ಹಳ್ಳಿ ಅದು. ಅವಳ ಅಪ್ಪ ಅಲ್ಲೇ ಸೋಮೇಶ್ವರದ ಆಚೆಯವನು, ದನಗಳಿಗೆ ಹೊಸ ಹುಲ್ಲು ಚಿಗುರಲಿ ಎಂದು ಚಳಿಗಾಲದಲ್ಲಿ ಗುಡ್ಡ ಸುಡುತ್ತಿದ್ದವನು. ಅವನ ಹಿಂದೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಓಡಾಡುತ್ತಲೇ ಅವಳಿಗೆ ಕೆಲಸ ಬಂತು. ಬೆಂಕಿಯನ್ನು ಗುಡ್ಡದ ನೆತ್ತಿಯಿಂದ ಕೆಳಕ್ಕೆ ಇಳಿಸಬೇಕು, ಬುಡದಿಂದ ಮೇಲಕ್ಕೆ ಹತ್ತಿಸಬಾರದು. ಇಬ್ಬನಿ ಆರಿರಬೇಕು, ಗಾಳಿ ಇನ್ನೂ ಎದ್ದಿರಬಾರದು. ಉರಿ ಮೊಣಕಾಲು ದಾಟಿತೋ, ಕೊಂಬೆಯಿಂದ ಬಡಿದು ಕೂರಿಸಬೇಕು. ಹಾಗೆ ಹಚ್ಚಿದ ಬೆಂಕಿ ನೆಲದ ಮೇಲಿನ ಪೈನ್ ಮರದ ಒಣ ಸೂಜಿ ಎಲೆಯನ್ನಷ್ಟೇ ತಿಂದು, ಮರದ ತೊಗಟೆಯನ್ನು ಸ್ವಲ್ಪ ಕಪ್ಪಾಗಿಸಿ, ತೆವಳುತ್ತ ಮುಂದಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ನಿಜವಾದ ಕಾಡ್ಗಿಚ್ಚು ಬಂದಾಗ ಅದಕ್ಕೆ ತಿನ್ನಲು ಏನೂ ಉಳಿದಿರುವುದಿಲ್ಲ. ಮಾಘ ಬಂತೆಂದರೆ ಅರಣ್ಯ ಇಲಾಖೆಯವರು ಈ ಕೆಲಸಕ್ಕೆ ಜನ ಹುಡುಕಿಕೊಂಡು ಬರುತ್ತಿದ್ದರು. ಖಿಮುಲಿಯ ಹೆಸರನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳ ಗಂಡ ಉಮ್ಮೇದ್ ಸಿಂಗ್ ಅದೇ ಕಾಡಿನಲ್ಲಿ ಲೀಸಾ ತೆಗೆಯುತ್ತಿದ್ದ. ಪೈನ್ ಮರದ ಅಂಟಿಗೆ ಅಲ್ಲಿ ಲೀಸಾ ಎನ್ನುತ್ತಾರೆ. ಮರದ ಸೊಂಟದ ಮಟ್ಟದಲ್ಲಿ ತೊಗಟೆ ಕೆತ್ತಿ, ಓರೆಯಾಗಿ ಗೀರು ಹಾಕಿ, ಗೀರಿನ ಮೇಲೆ ಆಸಿಡ್ ನೀರು ಚಿಮುಕಿಸಿ, ಕೆಳಗೊಂದು ಬಟ್ಟಲು ಸಿಕ್ಕಿಸಿದರೆ ಅಂಟು ಇಳಿಯುತ್ತದೆ. ವಾರಕ್ಕೊಮ್ಮೆ ಹೊಸ ಗೀರು, ತುಂಬಿದ ಬಟ್ಟಲನ್ನು ಡಬ್ಬಿಗೆ ಸುರಿಯುವುದು, ಡಬ್ಬಿಗಳನ್ನು ಹೊತ್ತು ರಸ್ತೆಗೆ ಇಳಿಸುವುದು. ಚೈತ್ರದಿಂದ ಚಳಿ ಶುರುವಾಗುವ ತನಕ ಇದೇ ಕೆಲಸ. ಆಸಿಡ್ ಹಾರಿ ಉಮ್ಮೇದನ ಅಂಗಿಗಳೆಲ್ಲ ತೂತು. ಕೈಗೆ ಹತ್ತಿದ ಅಂಟನ್ನು ಸೋಪು ಬಿಡಿಸುತ್ತಿರಲಿಲ್ಲ, ಸಾಸಿವೆ ಎಣ್ಣೆ ಬೂದಿ ಹಾಕಿ ತಿಕ್ಕಬೇಕಿತ್ತು. ಸಂಜೆ ಅಂಗಳದಲ್ಲಿ ಅವನನ್ನು ಕೂರಿಸಿ, ಕೂದಲಿಗೆ ಎಣ್ಣೆ ಸವರಿ ಅಂಟಿನ ಉಂಡೆಗಳನ್ನು ಒಂದೊಂದಾಗಿ ಎಳೆಯುವುದು ಖಿಮುಲಿಯ ಪಾಲಿಗೆ ಬಂದಿತ್ತು.

"ಮೆಲ್ಲಗೆ ಕಣೇ ಹೀರಾಳ ಇಜಾ. ಬೋಳು ಮಾಡ್ಬಿಡ್ತೀಯ," ಎಂದು ಅವನು ಚೀರುತ್ತಿದ್ದ. ಹೀರಾ ಅವರ ಒಬ್ಬಳೇ ಮಗಳು, ಇಜಾ ಎಂದರೆ ಅಮ್ಮ. ಆ ಊರಿನಲ್ಲಿ ಗಂಡ ಹೆಂಡತಿ ಮಕ್ಕಳ ಹೆಸರು ಹಿಡಿದೇ ಕರೆದುಕೊಳ್ಳುವುದು.

"ಬೋಳಾದ್ರೆ ಒಳ್ಳೇದೇ, ಎಣ್ಣೆ ಉಳಿಯುತ್ತೆ," ಎಂದು ಪಕ್ಕದ ಮನೆಯ, ಚಿಕ್ಕಮ್ಮನಂಥ ಜಸುಲಿ ಕಾಖಿ ಗೋಡೆಯಾಚೆಯಿಂದ ನಗುತ್ತಿದ್ದಳು.

ಉಮ್ಮೇದ್ ಕೆಟ್ಟವನಲ್ಲ. ಆದರೆ ಯಾವುದಕ್ಕೂ ಕಾಯಲಾರದವನು. ಸಾರು ಕುದಿಯುವ ಮೊದಲೇ ತಟ್ಟೆ ಮುಂದಿಟ್ಟುಕೊಂಡು ಕೂರುವ ಜಾತಿ.

ಒಂದು ವರ್ಷ ನೈನಿತಾಲಿನಿಂದ ದೀಪಿಕಾ ಲೋಹನಿ ಎಂಬ ಹುಡುಗಿ ಬಂದಳು. ಮರಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಊರಿನ ಮೇಲಿನ ಇಳಿಜಾರನ್ನು ಸುಣ್ಣದ ಗೆರೆ ಎಳೆದು ಎರಡು ಭಾಗ ಮಾಡಿದಳು. ಒಂದು ಭಾಗಕ್ಕೆ ಖಿಮುಲಿ ಬೆಂಕಿ ಇಡಬೇಕು, ಇನ್ನೊಂದನ್ನು ಹಾಗೇ ಬಿಡಬೇಕು. ಬೆಂಕಿ ಇಟ್ಟ ದಿನ ಲೋಹನಿ ಅವಳ ಹಿಂದೆಯೇ ಸುತ್ತಿದಳು. ಗೀರು ಬಿದ್ದ ಪ್ರತಿ ಮರದ ಬುಡದಲ್ಲೂ ಒಣ ಎಲೆಯನ್ನು ಕವೆಗೋಲಿನಿಂದ ಎಳೆದು ದೂರ ಹಾಕಿ, ಆಮೇಲಷ್ಟೇ ಖಿಮುಲಿ ಕಡ್ಡಿ ಗೀರುವುದನ್ನು ನೋಡಿದಳು. "ದೀದಿ, ಇದು ಬೆಂಕಿನೋ ಬೆಕ್ಕೋ? ಹೇಳಿದಲ್ಲಿ ಕೂರುತ್ತಲ್ಲ," ಎಂದು ಬೆರಗಾದಳು. ಊಟ ಖಿಮುಲಿಯ ಮನೆಯಲ್ಲೇ. ರಾಗಿ ರೊಟ್ಟಿ, ಹುರುಳಿ ಸಾರು, ಸೆಣಬಿನ ಬೀಜದ ಚಟ್ನಿ. ತಿಂದು ಎದ್ದರೆ ಮರಗಳಿಗೆ ಸಣ್ಣ ಕೊಳವೆ ಚುಚ್ಚಿ, ಇಳಿದ ಅಂಟನ್ನು ಶೀಶೆಗಳಿಗೆ ತುಂಬಿ ನೈನಿತಾಲಿಗೆ ಒಯ್ಯುತ್ತಿದ್ದಳು.

ಬೇಸಿಗೆ ಕಳೆಯುವ ಹೊತ್ತಿಗೆ ಅವಳಿಗೆ ಸಂಗತಿ ತಿಳಿಯಿತು. ಒಲೆಯ ಮುಂದೆ ಕೂತು ಹೇಳಿದಳು, "ದೀದಿ, ನೀವು ಹಚ್ಚಿದ ಕಡೆಯ ಮರಗಳೇ ಜಾಸ್ತಿ ಅಂಟು ಬಿಡ್ತಿವೆ."

ಉಮ್ಮೇದ್ ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಿದ. "ಸುಟ್ಟ ಮರ ಒಣಗಬೇಕಲ್ವಾ ಮೇಡಂ?"

"ಒಣಗಿಸೋ ಅಂಥ ಬೆಂಕಿ ಅಲ್ಲ ದೀದೀದು. ಮರಕ್ಕೆ ಬರೀ ಹೆದರಿಕೆ ಆಗಿದೆ. ಬಿಸಿ ತಾಗಿತು, ಇನ್ನು ಹುಳ ಬರುತ್ತೆ ಅಂತ ಒಳಗೆ ಹೊಸ ಹೊಸ ಅಂಟಿನ ನಾಳ ಮಾಡ್ಕೊಳ್ತಿದೆ. ಅಂಟು ತೆಳ್ಳಗಾಗಿದೆ, ಬೇಗ ಹರಿಯುತ್ತೆ. ಅದರಲ್ಲಿರೋ ಎಣ್ಣೆಗಳ ಪಾಲೂ ಬದಲಾಗಿದೆ."

"ವಾಸನೆ ಮೂಗಿಗೆ ಚುಚ್ಚುತ್ತೆ ಈ ಸಲ," ಎಂದಳು ಖಿಮುಲಿ.

"ಅದೇ ದೀದಿ. ಆ ವಾಸನೆ ನಮಗೆ ಹ್ಯಾಗೋ ತೊಗಟೆ ಕೊರೆಯೋ ಹುಳಕ್ಕೂ ಹಾಗೇ ಗೊತ್ತಾಗುತ್ತೆ. ಮರದೊಳಗೆ ಅಂಟು ತುಂಬಿದ್ರೆ ಬಂದ ಹುಳನ ಅಲ್ಲೇ ಮುಳುಗಿಸಿಬಿಡುತ್ತೆ. ಆ ಅಂಟನ್ನೆಲ್ಲ ನಾವೇ ಬಸಿದುಕೊಂಡ್ರೆ ಮರದ ಹತ್ರ ಏನೂ ಉಳಿಯಲ್ಲ. ಅದಕ್ಕೇ ಸುಟ್ಟ ವರ್ಷ ಗೀರು ಕಡಿಮೆ ಹಾಕ್ಬೇಕು, ಜಾಸ್ತಿ ಅಲ್ಲ."

"ಎಷ್ಟು ಜಾಸ್ತಿ ಇಳಿಯುತ್ತೆ ಅಂದ್ರಿ?" ಎಂದು ಉಮ್ಮೇದ್ ಕೇಳಿದ. ಉಳಿದ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ.

ಲೀಸಾ ಗುತ್ತಿಗೆದಾರನ ಪರವಾಗಿ ಕೂಲಿಗಳ ಮೇಲೆ ನಿಗಾ ಇಡುತ್ತಿದ್ದವನು ಭೂಪಾಲ್. ಪಕ್ಕದ ಹಳ್ಳಿಯವನು, ಸಿಹಿ ಮಾತಿನವನು. ಉಮ್ಮೇದ್ ಈ ಸುದ್ದಿಯನ್ನು ಅವನಿಗೆ ಮುಟ್ಟಿಸಿದ. ಮುಂದಿನ ಮಾಘದಲ್ಲಿ ಭೂಪಾಲ್ ಖಿಮುಲಿಯ ಅಂಗಳಕ್ಕೆ ಬಂದು ಚಹಾ ಕುಡಿಯುತ್ತ ಕೂತ. ಅವನಿಗೆ ಅವಳು ಭೌಜಿ, ಎಂದರೆ ಅತ್ತಿಗೆ; ಅವಳಿಗೆ ಅವನು ದಾ, ಅಣ್ಣ.

"ಭೌಜಿ, ನಿಮ್ಮ ಕೈಗೆ ಬೆಳ್ಳಿ ಕಡಗ ಹಾಕ್ಬೇಕು. ಈ ಸಲ ಮೇಲಿನ ಇಳಿಜಾರು ಪೂರ್ತಿ ಸುಡಿ. ಬುಡ ಗುಡಿಸ್ತಾ ಕೂರಬೇಡಿ, ಸುಮ್ನೆ ದಿನ ಹಾಳು. ಸ್ವಲ್ಪ ಬಿಸಿ ತಾಗ್ಲಿ ಮರಕ್ಕೆ."

"ಬುಡ ಗುಡಿಸದೆ ನಾನು ಬೆಂಕಿ ಇಡಲ್ಲ ಭೂಪಾಲ್ ದಾ. ಗೀರಿನ ತುಂಬ ಅಂಟು ಗಟ್ಟಿಯಾಗಿ ಕೂತಿರುತ್ತೆ. ಅದಕ್ಕೆ ಹತ್ಕೊಂಡ್ರೆ ಮರದ ಒಳಗೇ ಉರಿಯುತ್ತೆ."

"ಉರೀಲಿ ಬಿಡಿ. ಮರಕ್ಕೇನು ತವರು ಮನೆ ಇದ್ಯಾ, ಎದ್ದು ಓಡೋಕೆ?" ಅವನು ನಕ್ಕ. ಉಮ್ಮೇದನೂ ನಕ್ಕ.

ಬೆಂಕಿಯ ದಿನ ಕಾಯಬೇಕಿದ್ದ ಅರಣ್ಯ ಇಲಾಖೆಯ ಗಾರ್ಡಿಗೆ ಬೇರೆ ಗುಡ್ಡದಲ್ಲಿ ಕೆಲಸ ಬಿದ್ದಿತ್ತು. ಖಿಮುಲಿ ಜಸುಲಿ ಕಾಖಿಯ ಜೊತೆ ಬೆಳಗಿನಿಂದ ಮರದ ಬುಡಗಳನ್ನು ಗುಡಿಸುತ್ತ ಇಳಿದಳು. ಅರ್ಧ ಗುಡ್ಡ ಮುಗಿಸಿ ಹಿಂದೆ ತಿರುಗಿ ನೋಡಿದರೆ, ಉಮ್ಮೇದ್ ಅದೇ ಎಲೆಯನ್ನು ತಬ್ಬಿ ತಬ್ಬಿ ತಂದು ಬುಡಗಳಿಗೆ ಮತ್ತೆ ಒಟ್ಟುತ್ತಿದ್ದ.

"ಏನಿದು ನೀವು ಮಾಡ್ತಿರೋದು?"

"ಕಣ್ಣಿಗೆ ಕಾಣ್ತಿಲ್ವಾ? ಮರಕ್ಕೆ ಕಂಬಳಿ ಹೊದಿಸ್ತಿದೀನಿ."

"ನಗಬೇಡಿ. ಹೀಗೆ ಹಚ್ಚಿದ್ರೆ ಮರ ನಿಂತ ಜಾಗದಲ್ಲೇ ಟೊಳ್ಳಾಗುತ್ತೆ. ನಾನು ಹಚ್ಚಲ್ಲ."

ಉಮ್ಮೇದನ ಮುಖ ಕೆಂಪೇರಿತು. ಭೂಪಾಲನ ಕೂಲಿಗಳು ಕೆಲಸ ನಿಲ್ಲಿಸಿ ನೋಡುತ್ತಿದ್ದರು. "ನಿನ್ನ ಅಪ್ಪ ಜೀವಮಾನ ಪೂರ್ತಿ ದನಕ್ಕೆ ಅಂತ ಗುಡ್ಡ ಸುಟ್ಟ. ಅವನ ಕೊಟ್ಟಿಗೇಲಿ ಒಂದು ಎಮ್ಮೆ ಇತ್ತಾ? ನಂಗೆ ಹಾಗೆ ಸಾಯೋಕೆ ಇಷ್ಟ ಇಲ್ಲ. ಹಚ್ಚು ಅಂದ್ರೆ ಹಚ್ಚು."

ಎಲ್ಲರ ಮುಂದೆ ಅಪ್ಪನ ಹೆಸರು ಎತ್ತಿದ್ದು ಖಿಮುಲಿಯ ಎದೆಗೆ ನೆಟ್ಟಿತು. ಸೆರಗಿನಲ್ಲಿದ್ದ ಬೆಂಕಿಪೊಟ್ಟಣವನ್ನು ಅಲ್ಲೇ ಒಂದು ಕಲ್ಲಿನ ಮೇಲಿಟ್ಟು, ಕವೆಗೋಲು ಹೆಗಲಿಗೇರಿಸಿ ಕೆಳಗಿಳಿದಳು. ಜಸುಲಿ ಕಾಖಿ ಏನೋ ಗೊಣಗುತ್ತ ಹಿಂದೆ ಬಂದಳು.

ಮನೆಯ ಅಂಗಳ ಮುಟ್ಟುವಷ್ಟರಲ್ಲಿ ಗುಡ್ಡದಿಂದ ಸದ್ದು ಕೇಳಿತು. ಉಮ್ಮೇದ್ ಬುಡದಿಂದ ಹಚ್ಚಿದ್ದ. ಬೆಂಕಿ ಮೆಟ್ಟಿಲು ಏರುವಂತೆ ಗುಡ್ಡ ಏರುತ್ತಿತ್ತು, ಗೀರು ಬಿದ್ದ ಮರಗಳು ಒಂದೊಂದಾಗಿ ಭುಗ್ಗೆಂದು ಹತ್ತಿ, ಕಪ್ಪು ಹೊಗೆ ಉಗುಳಿ, ಮತ್ತೆ ಆರುತ್ತಿದ್ದವು. ಊರಿನವರೆಲ್ಲ ಕೊಂಬೆ ಹಿಡಿದು ಓಡಿದರು. ಖಿಮುಲಿಯೂ ಓಡಿದಳು. ಸಂಜೆಯ ಹೊತ್ತಿಗೆ ನೆತ್ತಿಯ ಹತ್ತಿರ ಬೆಂಕಿ ಸತ್ತಿತು. ಯಾರ ಮನೆಗೂ ಏನೂ ಆಗಲಿಲ್ಲ, ಯಾರಿಗೂ ಸುಟ್ಟ ಗಾಯವಿಲ್ಲ. ಮರಗಳು ಎರಡಾಳು ಎತ್ತರದ ತನಕ ಕಪ್ಪಾಗಿ ನಿಂತಿದ್ದವು, ಗೀರು ಇದ್ದ ಕಡೆಯೆಲ್ಲ ಇದ್ದಿಲಿನ ಗೂಡು.

ಚೈತ್ರದಲ್ಲಿ ಮೊದಲ ಗೀರು ಹಾಕಿದ ದಿನ ಉಮ್ಮೇದ್ ಓಡುತ್ತಾ ಮನೆಗೆ ಬಂದ. "ಬಾರೇ, ಬಂದು ನೋಡೇ!" ಅಂಟು ತೊಟ್ಟಿಕ್ಕುತ್ತಿರಲಿಲ್ಲ, ಜೇನಿನ ಹಾಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ವಾರಕ್ಕೆ ತುಂಬುತ್ತಿದ್ದ ಬಟ್ಟಲು ಎರಡೇ ದಿನಕ್ಕೆ ತುಳುಕಿತು. ಇಡೀ ಇಳಿಜಾರು ಅದೇ ಚುಚ್ಚುವ ವಾಸನೆ ಹೊಡೆಯುತ್ತಿತ್ತು. ಭೂಪಾಲ್ ಒಂದೊಂದು ಮರಕ್ಕೂ ಹಿಂಭಾಗದಲ್ಲಿ ಇನ್ನೊಂದು ಗೀರು ಹಾಕಿಸಿದ. ಉಮ್ಮೇದ್ ಹಗಲೆಲ್ಲ ಕೆತ್ತಿದ, ಖಿಮುಲಿ ಡಬ್ಬಿ ಹೊತ್ತಳು. ಮಳೆಗಾಲದ ಹೊತ್ತಿಗೆ ಮನೆಗೆ ಎಮ್ಮೆ ಬಂತು. ಹೀರಾ ಅದರ ಕೊಂಬಿಗೆ ಕೆಂಪು ರಿಬ್ಬನ್ ಕಟ್ಟಿದಳು. ಮನೆಯಲ್ಲಿ ಮೊದಲ ಸಲ ಬೆಣ್ಣೆ ಕಡೆದ ದಿನ ಉಮ್ಮೇದ್ ಬೆರಳಿನಿಂದ ಬೆಣ್ಣೆ ತೆಗೆದು ಹೆಂಡತಿಯ ಬಾಯಿಗೆ ಇಟ್ಟು, "ಈಗ ಹೇಳು, ನಾನು ಮಾಡಿದ್ದು ತಪ್ಪಾ?" ಎಂದ. ಖಿಮುಲಿ ಬೆಣ್ಣೆ ನುಂಗಿ ನಕ್ಕಳು. ಆ ವರ್ಷ ಅವಳೂ ಸುಖವಾಗಿದ್ದಳು. ಸುಳ್ಳು ಹೇಳುವಂತಿಲ್ಲ.

ಮಳೆ ನಿಂತ ಮೇಲೆ ಸೌದೆಗೆ ಹೋದಾಗ ಮರಗಳ ಬುಡದಲ್ಲಿ ಕೆಂಪು ಹುಡಿ ಬಿದ್ದಿತ್ತು, ರಾಗಿ ಹಿಟ್ಟು ಚೆಲ್ಲಿದ ಹಾಗೆ. ತೊಗಟೆಯ ಮೇಲೆ ಸೂಜಿ ಹೋಗುವಷ್ಟು ತೂತುಗಳು. ಕೆಲವು ತೂತುಗಳ ಬಾಯಲ್ಲಿ ಅಂಟು ಉಕ್ಕಿ ಗಟ್ಟಿಯಾಗಿತ್ತು, ಹೆಚ್ಚಿನವು ಒಣಗಿ ಬಾಯ್ದೆರೆದು ನಿಂತಿದ್ದವು. ಕಿವಿ ಇಟ್ಟರೆ ಒಳಗೆ ಕರಕರ ಸದ್ದು. ಚಳಿಗಾಲ ಕಳೆದು ಮರುವರ್ಷದ ಚೈತ್ರ ಬರುವ ಹೊತ್ತಿಗೆ ಆ ಇಳಿಜಾರಿನ ಮರಗಳ ತಲೆ ಹಳದಿ ತಿರುಗಿತ್ತು, ಕೆಲವು ತುಕ್ಕು ಹಿಡಿದ ಕಬ್ಬಿಣದ ಬಣ್ಣಕ್ಕೆ ಬಂದಿದ್ದವು.

ತನ್ನ ಮರಗಳನ್ನು ನೋಡಲೆಂದು ಲೋಹನಿ ಬಂದಳು. ಸುಣ್ಣದ ಗೆರೆಯ ಆಚೆಗೂ ಈಚೆಗೂ ಎಲ್ಲ ಒಂದೇ ಕಪ್ಪು. ಅವಳು ಒಂದು ಬುಡದ ಬಳಿ ಕೂತು ಗೀರಿನೊಳಗೆ ಕೈ ಹಾಕಿದಳು, ಮೊಣಕೈ ತನಕ ಒಳಗೆ ಹೋಯಿತು.

"ಆವತ್ತು ಒಲೆ ಮುಂದೆ ನಾನು ಬಾಯಿ ಬಿಡಬಾರದಿತ್ತು," ಎಂದಳು ಕೈಗೆ ಹತ್ತಿದ ಇದ್ದಿಲು ಒರೆಸಿಕೊಳ್ಳುತ್ತ.

"ನೀವು ಕಡಿಮೆ ಗೀರು ಹಾಕಿ ಅಂತಾನೇ ಹೇಳಿದ್ರಿ," ಎಂದಳು ಖಿಮುಲಿ.

"ಏನು ಹೇಳಿದ್ರೆ ಏನು ದೀದಿ. ಭಾವನಿಗೆ ಹೇಳಿ, ಗಾಳಿ ಇದ್ದಾಗ ಈ ಮರಗಳ ಕೆಳಗೆ ನಿಲ್ಲೋದು ಬೇಡ. ಒಳಗೆ ಬೆಂಕಿ ತಿಂದಿದೆ, ಹುಳ ತಿಂದಿದೆ, ಎರಡೂ ಕಡೆ ಗೀರು ಬಿದ್ದಿದೆ. ನಿಂತಿರೋದೇ ಹೆಚ್ಚು."

ಉಮ್ಮೇದನಿಗೆ ಲೋಹನಿಯೇ ನೇರವಾಗಿಯೂ ಹೇಳಿದಳು. ಅವನು ಕೈಮುಗಿದು, "ಆಗ್ಲಿ ಮೇಡಂ, ಮರ ಬೀಳೋ ಮುಂಚೆ ಹೇಳಿ ಕಳಿಸಿದ್ರೆ ಪಕ್ಕಕ್ಕೆ ಸರೀತೀನಿ," ಎಂದು ತಮಾಷೆ ಮಾಡಿದ. ಇನ್ನೂ ಹಸಿರಿದ್ದ ಮರಗಳಲ್ಲಿ ಒಂದಿಷ್ಟು ಅಂಟು ಬರುತ್ತಿತ್ತು. ಅದೂ ನಿಲ್ಲುವ ಮೊದಲು ತೆಗೆದುಬಿಡಿ ಎಂದು ಭೂಪಾಲ್ ಬೆನ್ನು ಬಿದ್ದಿದ್ದ.

ಜ್ಯೇಷ್ಠದ ಒಂದು ಮಧ್ಯಾಹ್ನ ಮೋಡ ಕಟ್ಟಿತು. ಮಳೆ ಬಂದರೆ ಬಟ್ಟಲಿಗೆ ನೀರು ತುಂಬಿ ಅಂಟು ಹಾಳಾಗುತ್ತದೆ. ಉಮ್ಮೇದ್ ಡಬ್ಬಿ ಹೊತ್ತು ಹೊರಟ. "ಗಾಳಿ ಏಳ್ತಿದೆ, ಬಿಡಿ ಇವತ್ತು," ಎಂದಳು ಖಿಮುಲಿ. "ಗಾಳಿ ಬರೋದ್ರೊಳಗೆ ಬಂದೆ," ಎಂದ ಅವನು. ಅವಳು ಎಮ್ಮೆಗೆ ಸೊಪ್ಪು ಕೊಯ್ಯಲು ಪಕ್ಕದ ಓಕ್ ಮರಗಳ ಕಡೆಗೆ ಹೋದಳು.

ಗಾಳಿ ಒಮ್ಮೆಲೇ ಬಂತು. ಹಸಿ ಮರ ಬೀಳುವಾಗ ನರಳುತ್ತದೆ, ಬೇರು ಕಿತ್ತು ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಇವು ಕಡ್ಡಿ ಮುರಿದ ಹಾಗೆ ಟಕ್ ಟಕ್ಕೆಂದು ಸೊಂಟದ ಮಟ್ಟಕ್ಕೇ ಮುರಿದವು. ಖಿಮುಲಿ ಕುಡುಗೋಲು ಅಲ್ಲೇ ಬಿಸಾಡಿ ಓಡಿದಳು. ಇಳಿಜಾರಿನ ತುಂಬ ಮರಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಕೂಗಿದಳು. ಮೂರನೆಯ ಕೂಗಿಗೆ, "ಇಲ್ಲಿ," ಎಂದ ದನಿ ಕೇಳಿತು.

ಅವನ ಸೊಂಟದ ಮೇಲೆ ಮರ ಮಲಗಿತ್ತು. ಡಬ್ಬಿ ಒಡೆದು ಎದೆ, ಕತ್ತು, ಮುಖ ಎಲ್ಲ ಅಂಟು. ಅದರ ಮೇಲೆ ಮಳೆ ಹನಿ ಬಿದ್ದು ನಿಲ್ಲದೆ ಜಾರುತ್ತಿತ್ತು.

"ನೋವಾಗ್ತಿದೆಯಾ?"

"ಇಲ್ಲ ಕಣೇ. ಏನೂ ಗೊತ್ತಾಗ್ತಿಲ್ಲ. ಕಾಲು ಇದೆಯಾ ನೋಡು."

ಕಾಲು ಇತ್ತು. ಊರಿನ ಗಂಡಸರು ಗರಗಸ ತಂದು ಮರ ಕೊಯ್ದು ತೆಗೆದರು. ಕುರ್ಚಿಗೆ ಬಿದಿರು ಕಟ್ಟಿ ಹೊತ್ತು ರಸ್ತೆಗೆ ಇಳಿಸಿದರು. ಅಲ್ಮೋಡಾದಿಂದ ಹಲ್ದ್ವಾನಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಎಮ್ಮೆ ಮಾರಿದ ಹಣ ಆ ಆಸ್ಪತ್ರೆಗೇ ಹೋಯಿತು. ಬೆನ್ನುಮೂಳೆ ಮುರಿದಿದೆ, ಇನ್ನು ಎದ್ದು ನಡೆಯುವುದು ಇಲ್ಲ ಎಂದು ಹೇಳಿ ಮನೆಗೆ ಕಳಿಸಿದರು.

ಅಲ್ಲಿಂದ ಉಮ್ಮೇದ್ ಒಳಗಿನ ಕೋಣೆಯ ಮಂಚ ಬಿಟ್ಟು ಏಳಲಿಲ್ಲ. ಖಿಮುಲಿ ಅವನನ್ನು ಹೊರಳಿಸಿ, ತೊಳೆದು, ಒರೆಸಿ, ಉಣ್ಣಿಸಿ, ಆಮೇಲೆ ಕೂಲಿಗೆ ಹೋಗುತ್ತಿದ್ದಳು. ಅವಳು ಇಲ್ಲದಾಗ ಜಸುಲಿ ಕಾಖಿ ಬಂದು ಕೂರುತ್ತಿದ್ದಳು. ಹೀರಾಳನ್ನು ಸೋದರಮಾವನ ಮನೆಗೆ ಕಳಿಸಿದರು, ಅಲ್ಲಿ ಶಾಲೆಯೂ ಹತ್ತಿರ, ಊಟಕ್ಕೂ ತೊಂದರೆಯಿಲ್ಲ. ಮೊದಮೊದಲು ಉಮ್ಮೇದ್ ತಮಾಷೆ ಮಾಡುತ್ತಿದ್ದ. ಬರಬರುತ್ತ ಮಾತು ಕಡಿಮೆಯಾಯಿತು. ಮಲಗಿ ಮಲಗಿ ಬೆನ್ನಿನಲ್ಲಿ ಹುಣ್ಣುಗಳು ಎದ್ದವು. ಒಲೆಗೆ ಪೈನ್ ಕಟ್ಟಿಗೆ ಹಾಕಿದರೆ ಹೊಗೆಯ ವಾಸನೆಗೆ ಮುಖ ಗೋಡೆಗೆ ತಿರುಗಿಸುತ್ತಿದ್ದ. ಖಿಮುಲಿ ದೂರದಿಂದ ಓಕ್ ಕಟ್ಟಿಗೆ ಹೊತ್ತು ತರತೊಡಗಿದಳು.

ಭೂಪಾಲ್ ಒಂದು ಸಲ ಬಂದ, ಬಾಳೆಹಣ್ಣು ಬಿಸ್ಕತ್ತು ಹಿಡಿದುಕೊಂಡು. ಕಣಿವೆಯ ಆಚೆಯ ಗುಡ್ಡದಲ್ಲಿ ಈಗ ಕೆಲಸ ಎಂದ. "ಮರ ಬಿತ್ತು ಭೌಜಿ, ಅದಕ್ಕೆ ಯಾರೇನು ಮಾಡೋಕಾಗುತ್ತೆ," ಎಂದ. ಖಿಮುಲಿ ಬಾಗಿಲಲ್ಲಿ ನಿಂತೇ ಇದ್ದಳು, ಚಹಾ ಇಡಲಿಲ್ಲ. ಗಂಡ ಅವನಿಗೆ ಉಗಿಯುತ್ತಾನೆ ಎಂದುಕೊಂಡಿದ್ದಳು. ಉಮ್ಮೇದ್ ಮಂಚದ ಮೇಲಿನಿಂದ ಕತ್ತು ಎತ್ತಿ ಕೇಳಿದ್ದು ಇಷ್ಟೇ: "ಅಲ್ಲಿ ಹ್ಯಾಗೆ ಇಳೀತಿದೆ ಅಂಟು?"

"ಏನೂ ಇಲ್ಲ ಮಾರಾಯ, ಹನಿ ಹನಿ. ನಮ್ಮ ಗುಡ್ಡದ ಹಾಗೆ ಎಲ್ಲಿ ಬರುತ್ತೆ?"

ಉಮ್ಮೇದನ ಮುಖದಲ್ಲಿ ಒಂದು ಗಳಿಗೆ ಹಳೆಯ ಕಳೆ ಬಂತು. ಖಿಮುಲಿ ಒಳಗೆ ಹೋಗಿಬಿಟ್ಟಳು.

ಎರಡನೆಯ ಚಳಿಗಾಲದಲ್ಲಿ, ಒಂದು ಬೆಳಿಗ್ಗೆ ಅವಳು ಅವನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಳು. ಅವನು ಗೋಡೆ ನೋಡುತ್ತ ಕೇಳಿದ, "ಆವತ್ತು ಬೆಂಕಿಪೊಟ್ಟಣ ಕಲ್ಲಿನ ಮೇಲೆ ಯಾಕೆ ಇಟ್ಟೆ?"

ಅವಳ ಕೈ ನಿಂತಿತು.

"ಹಚ್ಚಲ್ಲ ಅಂದವಳು ತಗೊಂಡು ಹೋಗ್ಬೇಕಿತ್ತು. ನನ್ನ ಹತ್ರ ಪೊಟ್ಟಣ ಇರಲಿಲ್ಲ. ಭೂಪಾಲನ ಕೂಲಿಗಳ ಹತ್ರನೂ ಇರಲಿಲ್ಲ. ನಿಂಗೆ ಗೊತ್ತಿತ್ತು ನಾನು ಎಂಥವನು ಅಂತ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳೂ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದಳೇನೋ. ಈ ಮಾತನ್ನು ಅವಳು ತನ್ನೊಳಗೇ ಎಷ್ಟು ಸಲ ತಿರುವಿ ಹಾಕಿದ್ದಳೋ, ಅವಳಿಗೇ ಲೆಕ್ಕವಿರಲಿಲ್ಲ. ಅಪ್ಪನನ್ನು ಅಂದ ಸಿಟ್ಟಿಗೆ ಇಟ್ಟೆನೋ, ಸುಟ್ಟುಕೋ ಹೋಗು ಎಂದು ಇಟ್ಟೆನೋ, ಇಲ್ಲ ತನಗೂ ಒಳಗೊಳಗೇ ಎಮ್ಮೆಯ ಆಸೆಯಿತ್ತೋ. ಉತ್ತರ ಸಿಕ್ಕಿರಲಿಲ್ಲ. ಅವಳು ಎಣ್ಣೆ ಹಚ್ಚುವುದನ್ನು ಮುಂದುವರಿಸಿದಳು. ಹುಣ್ಣಿನ ನಂಜು ಮೈಗೆಲ್ಲ ಏರಿ, ಪುಷ್ಯ ಮುಗಿಯುವ ಮೊದಲು ಉಮ್ಮೇದ್ ತೀರಿಕೊಂಡ.

ಹನ್ನೆರಡನೆಯ ದಿನ ಕಳೆದ ಮೇಲೆ ಖಿಮುಲಿ ಕಣಿವೆ ಇಳಿದು ಆಚೆಯ ಗುಡ್ಡ ಹತ್ತಿದಳು. ಭೂಪಾಲ್ ಅಲ್ಲಿಯೂ ಇಳಿಜಾರು ಸುಡಿಸುತ್ತಾನಂತೆ ಎಂದು ಜಸುಲಿ ಕಾಖಿ ಕೇಳಿಸಿಕೊಂಡು ಬಂದಿದ್ದಳು. ಅಲ್ಲಿ ಗೀರು ಹಾಕುವವನ ಹೆಂಡತಿ ಬಿಷ್ಣಿ, ಇನ್ನೂ ಚಿಕ್ಕ ವಯಸ್ಸಿನವಳು, ಕಂಕುಳಲ್ಲಿ ಕೂಸು. ಬಂದವಳನ್ನು ಕೂರಿಸಿ, ಬೆಲ್ಲದ ಚೂರು ಕೈಗಿಟ್ಟು ಚಹಾ ಕೊಟ್ಟಳು. ಖಿಮುಲಿ ಎಲ್ಲ ಹೇಳಿದಳು. ಬುಡ ಗುಡಿಸದೆ ಹಚ್ಚಿದ್ದು, ಅಂಟು ಇಳಿದದ್ದು, ಹುಳ ಬಂದದ್ದು, ಮರ ಮುರಿದದ್ದು, ಮಂಚದ ಮೇಲೆ ಅವನು ಕೊಳೆತದ್ದು. ಆ ಕೊನೆಯ ಮಾತನ್ನು ಅವಳು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಬಿಷ್ಣಿ ಕೂಸನ್ನು ತಟ್ಟುತ್ತ ಕೇಳಿಸಿಕೊಂಡಳು. ಕಣ್ಣಲ್ಲಿ ನೀರೂ ಬಂತು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಮೆಲ್ಲಗೆ ಕೇಳಿದಳು, "ಬಟ್ಟಲು ಎರಡೇ ದಿನಕ್ಕೆ ತುಂಬ್ತಿತ್ತು ಅಂದ್ರಲ್ಲ ದೀದಿ, ನಿಜವಾಗ್ಲೂನಾ?"

ಖಿಮುಲಿಗೆ ಸುಳ್ಳು ಹೇಳಬೇಕೆನಿಸಿತು. ಬಾಯಿಗೆ ಬರಲಿಲ್ಲ. "ತುಂಬ್ತಿತ್ತು," ಎಂದಳು.

"ನೀವು ಎಮ್ಮೆ ತಗೊಂಡಿದ್ದು ಅದರಲ್ಲೇನಾ?"

"ಅದರಲ್ಲೇ."

ಅಂಗಳದಲ್ಲಿ ಬಿಷ್ಣಿಯ ಗಂಡ ಕೊಡಲಿ ಮಸೆಯುತ್ತಿದ್ದವನು, "ನಾವು ಹುಷಾರಾಗಿರ್ತೀವಿ ದೀದಿ, ನೀವು ಚಿಂತೆ ಮಾಡ್ಬೇಡಿ," ಎಂದು ವಿನಯದಿಂದಲೇ ಹೇಳಿದ. ಖಿಮುಲಿ ಲೋಟ ತೊಳೆದಿಟ್ಟು ಹೊರಟಳು.

ಆ ತಿಂಗಳ ಕೊನೆಗೆ, ಗದ್ದೆಯಲ್ಲಿ ಬಟಾಣಿ ಬಿಡಿಸುತ್ತಿದ್ದಾಗ, ಕಣಿವೆಯ ಆಚೆ ಹೊಗೆ ಎದ್ದಿತು. ಬಿಳಿಯ ಹೊಗೆಯಲ್ಲ, ಅಂಟು ಉರಿದಾಗ ಬರುವ ಕಪ್ಪು ಹೊಗೆ. ಅದು ಗುಡ್ಡದ ಬುಡದಿಂದ ಮೇಲಕ್ಕೆ ಹತ್ತುತ್ತಿತ್ತು.

"ಯಾರು ಕಣೇ ಅದು, ಇಷ್ಟು ಜೋರು ಹಚ್ಚಿರೋದು?" ಎಂದಳು ಜಸುಲಿ ಕಾಖಿ, ಹಣೆಗೆ ಕೈ ಅಡ್ಡ ಹಿಡಿದು.

"ಬಿಷ್ಣಿಯ ಗಂಡ ಇರ್ಬೇಕು," ಎಂದಳು ಖಿಮುಲಿ. ಬುಟ್ಟಿ ಅರ್ಧ ತುಂಬಿತ್ತು. ಅವಳು ಬಗ್ಗಿ, ಮುಂದಿನ ಸಾಲಿಗೆ ಕೈ ಹಾಕಿದಳು.